ಬಂದೂಕು ಬೇಡ ಅಂದವರ ಕೈಯಲ್ಲಿ ನ್ಯಾಟೊ ಕಾಗದ

2023ರ ಏಪ್ರಿಲ್ 4. ಬ್ರಸೆಲ್ಸ್‌ನಲ್ಲಿ, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೊದ ಕೇಂದ್ರ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭ. ಫಿನ್ಲೆಂಡಿನ ವಿದೇಶಾಂಗ ಸಚಿವರು ಒಂದು ಕಾಗದವನ್ನು ಅಮೆರಿಕದ ವಿದೇಶಾಂಗ ಸಚಿವ ಆಂಟನಿ ಬ್ಲಿಂಕನ್ ಕೈಗೆ ಕೊಟ್ಟರು. ಅಷ್ಟೇ. ಅಲ್ಲಿಗೆ ಫಿನ್ಲೆಂಡ್ ನ್ಯಾಟೊದ 31ನೇ ಸದಸ್ಯ ದೇಶವಾಯಿತು. ನ್ಯಾಟೊದ ಮುಖ್ಯಸ್ಥರು ಅಲ್ಲೇ ಇದ್ದರು, ಆದರೂ ಕಾಗದ ಅಮೆರಿಕದವರ ಕೈಗೆ ಯಾಕೆ ಹೋಯಿತು ಅಂತ ಅನ್ನಿಸಬಹುದು. 1949ರ ಮೂಲ ಒಪ್ಪಂದದಲ್ಲೇ ಹಾಗಿದೆ. ಯಾವ ದೇಶ ಸೇರುವುದಿದ್ದರೂ ಅದರ ಕಾಗದಪತ್ರ ಅಮೆರಿಕ ಸರ್ಕಾರದ ವಶಕ್ಕೆ ಹೋಗಬೇಕು. ಅದು ತಲುಪಿದ ಮೇಲೇ ಸದಸ್ಯತ್ವ.

ಕಾಗದ ಕೊಟ್ಟವರ ಹೆಸರು ಪೆಕ್ಕಾ ಹಾವಿಸ್ಟೊ. ಹೆಸರಲ್ಲಿ ಹಾವಿದೆ ಅಂತ ನಗಬೇಡಿ. ಆಸ್ಪೆನ್ ಅನ್ನುವ ಮರಕ್ಕೆ ಫಿನ್ನಿಷ್ ಭಾಷೆಯಲ್ಲಿ ಹಾಪಾ ಅನ್ನುತ್ತಾರೆ, ಅದರಿಂದ ಬಂದ ಮನೆತನದ ಹೆಸರು ಇದು. ಇವರು ಫಿನ್ಲೆಂಡಿನ ಹಸಿರು ಪಕ್ಷದವರು, ಅವರಿಗೆ ಹೇಳಿ ಮಾಡಿಸಿದ ಹೆಸರು. ವಿಚಿತ್ರ ಏನೆಂದರೆ, ಹರೆಯದಲ್ಲಿ ಇವರು ಬಂದೂಕು ಹಿಡಿಯಲು ಒಪ್ಪದೆ, ಕಡ್ಡಾಯ ಸೇನಾ ಸೇವೆಯ ಬದಲು ನಾಗರಿಕ ಸೇವೆ ಆರಿಸಿಕೊಂಡವರು. ಇವರ ಪಕ್ಷ ಹುಟ್ಟಿದ್ದೇ ಶಾಂತಿ, ಪರಿಸರ, ಅಣುವಿರೋಧ ಅನ್ನುವ ಚಳವಳಿಗಳ ಮಡಿಲಲ್ಲಿ. ಅಂಥವರು ಜಗತ್ತಿನ ಅತಿ ದೊಡ್ಡ ಸೇನಾ ಕೂಟಕ್ಕೆ ತಮ್ಮ ದೇಶವನ್ನು ಸೇರಿಸಿದರು. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಒಂದು ಕೆರೆಯಿಂದ ಶುರು ಮಾಡಬೇಕು.

ಹಾವಿಸ್ಟೊ ಹುಟ್ಟಿದ್ದು 1958ರ ಮಾರ್ಚ್ 23ರಂದು, ಹೆಲ್ಸಿಂಕಿಯಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ಓದಲು ಸೇರಿದರು, ಡಿಗ್ರಿ ಮಾತ್ರ ಮುಗಿಸಲಿಲ್ಲ. ಚಳವಳಿ, ಪತ್ರಿಕೆ ಕೆಲಸ, ಆಮೇಲೆ ರಾಜಕೀಯ ಎಳೆದುಕೊಂಡು ಹೋಯಿತು.

ಕೆರೆಯ ಹೆಸರು ಕೊಯ್‌ಯಾರ್ವಿ. ಫೋರ್ಸಾ ಅನ್ನುವ ಊರಿನ ಹತ್ತಿರ ಇದೆ. ಹೆಚ್ಚು ಆಳವಿಲ್ಲದ, ಜೊಂಡು ತುಂಬಿದ, ಹಕ್ಕಿಗಳಿಗೆ ಹೆಸರಾದ ಕೆರೆ. ಸುತ್ತಲ ರೈತರಿಗೆ ನೀರು ಬತ್ತಿಸಿ ಹೊಲ ಒಣಗಿಸಿಕೊಳ್ಳಬೇಕಿತ್ತು. 1979ರಲ್ಲಿ ಪರಿಸರ ಕಾರ್ಯಕರ್ತರು ಬಂದು ನೀರು ಹರಿದುಹೋಗುವ ಬಾಯಿಗೆ ಒಡ್ಡು ಕಟ್ಟಿದರು. ಮಣ್ಣು ಅಗೆಯುವ ಯಂತ್ರ ಬಂತು, ನಮ್ಮಲ್ಲಿ ಜೆಸಿಬಿ ಅನ್ನುತ್ತೇವಲ್ಲ, ಆ ತರಹದ್ದು. ಕಾರ್ಯಕರ್ತರು ಆ ಯಂತ್ರಕ್ಕೇ ಸರಪಳಿಯಲ್ಲಿ ತಮ್ಮನ್ನು ಬಿಗಿದುಕೊಂಡರು. ಪೊಲೀಸರು ಎತ್ತಿಕೊಂಡು ಹೋದರು. ಫಿನ್ಲೆಂಡ್ ಅಂಥದ್ದನ್ನು ಅಲ್ಲಿಯವರೆಗೆ ಹೆಚ್ಚು ನೋಡಿರಲಿಲ್ಲ. ಆ ಚಳವಳಿಯಲ್ಲಿದ್ದ ಹುಡುಗ ಹುಡುಗಿಯರಲ್ಲಿ 21 ವರ್ಷದ ಹಾವಿಸ್ಟೊ ಕೂಡ ಒಬ್ಬರು.

ಒಂದು ಕೆರೆ ಜಗಳದಿಂದ ಪಕ್ಷವೇ ಹುಟ್ಟಿತಾ? ಹೆಚ್ಚುಕಡಿಮೆ ಹೌದು. ಜೊತೆಗೆ ಮಹಿಳಾ ಚಳವಳಿ, ಅಂಗವಿಕಲರ ಹಕ್ಕಿನ ಹೋರಾಟ, ಅಣುಬಾಂಬಿನ ವಿರುದ್ಧದ ಕೂಗು ಎಲ್ಲ ಸೇರಿಕೊಂಡವು. 1983ರಲ್ಲಿ 200 ಸೀಟಿನ ಸಂಸತ್ತಿಗೆ ಮೊದಲ ಸಲ ಇಬ್ಬರು ಹಸಿರಿನವರು ಗೆದ್ದು ಹೋದರು. ಒಬ್ಬರು ಕೊಯ್‌ಯಾರ್ವಿಯ ವಿಲ್ಲೆ ಕೊಮ್ಸಿ. ಇನ್ನೊಬ್ಬರು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಕಾಲ್ಲೆ ಕೊಂಕ್ಕೊಲಾ. 1987ರಲ್ಲಿ ಸೀಟು ನಾಲ್ಕಾಯಿತು. ಆ ನಾಲ್ವರಲ್ಲಿ ಹಾವಿಸ್ಟೊ ಇದ್ದರು. ತಮಾಷೆ ಏನೆಂದರೆ, ಪಕ್ಷ ಅಂತ ರಿಜಿಸ್ಟರ್ ಆಗಿದ್ದು ಅದಾದ ಮರುವರ್ಷ. ನಾವು ಪಕ್ಷ ಅಲ್ಲ, ಚಳವಳಿ ಅಂತ ವಾದ ಮಾಡುತ್ತಲೇ ಅವರು ಸಂಸತ್ತಿನಲ್ಲಿ ಕೂತಿದ್ದರು.

ಇಲ್ಲಿ ಫಿನ್ಲೆಂಡಿನ ಚುನಾವಣೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ನಮ್ಮಲ್ಲಿ ಒಂದು ಕ್ಷೇತ್ರದಲ್ಲಿ ಒಬ್ಬರೇ ಗೆಲ್ಲುತ್ತಾರೆ, ಉಳಿದ ವೋಟೆಲ್ಲ ನೀರಲ್ಲಿ ಹೋದಂತೆ. ಅಲ್ಲಿ ಒಂದು ದೊಡ್ಡ ಕ್ಷೇತ್ರಕ್ಕೆ ಹಲವು ಸೀಟು. ಪಕ್ಷಕ್ಕೆ ಬಿದ್ದ ವೋಟಿನ ಪಾಲಿಗೆ ತಕ್ಕ ಹಾಗೆ ಸೀಟು ಹಂಚುತ್ತಾರೆ. ಮತದಾರರು ಚೀಟಿಯಲ್ಲಿ ತಮಗೆ ಬೇಕಾದ ಅಭ್ಯರ್ಥಿಯ ನಂಬರ್ ಬರೆಯುತ್ತಾರೆ. ಹಾಗಾಗಿ ಸಣ್ಣ ಪಕ್ಷವೂ ಬದುಕುತ್ತದೆ. ಆದರೆ ಯಾರಿಗೂ ಪೂರ್ತಿ ಬಹುಮತ ಬರಲ್ಲ, ಮೂರೋ ನಾಲ್ಕೋ ಐದೋ ಪಕ್ಷ ಸೇರಿ ಸರ್ಕಾರ ಮಾಡಬೇಕು. ಅಂದರೆ ಅಧಿಕಾರ ಬೇಕಾದರೆ ಕೊಡು ಕೊಳ್ಳು ನಡೆಯಲೇಬೇಕು. ಸರಪಳಿ ಬಿಗಿದುಕೊಂಡು ಕೂತವರಿಗೆ ಇದು ಸುಲಭದ ಪಾಠ ಅಲ್ಲ.

ಆ ಪಾಠ ಹಾವಿಸ್ಟೊಗೆ ಸಿಕ್ಕಿದ್ದು 1995ರಲ್ಲಿ. ಅವರಾಗ ಪಕ್ಷದ ಅಧ್ಯಕ್ಷರು. ಪಾವೊ ಲಿಪ್ಪೊನೆನ್ ಐದು ಪಕ್ಷಗಳನ್ನು ಸೇರಿಸಿ ಸರ್ಕಾರ ಮಾಡಿದರು. ಬಲಪಂಥದವರೂ ಇದ್ದರು, ಹಳೇ ಕಮ್ಯುನಿಸ್ಟರ ಪಕ್ಷವೂ ಇತ್ತು. ಎಲ್ಲ ಬಣ್ಣ ಇದೆ ಅಂತ ಜನ ಅದಕ್ಕೆ ಕಾಮನಬಿಲ್ಲಿನ ಸರ್ಕಾರ ಅಂದರು. ಹಾವಿಸ್ಟೊ ಪರಿಸರ ಮತ್ತು ಅಭಿವೃದ್ಧಿ ಸಹಕಾರ ಸಚಿವರಾದರು. ಇಡೀ ಯುರೋಪಿನಲ್ಲೇ ದೇಶದ ಸಂಪುಟಕ್ಕೆ ಕಾಲಿಟ್ಟ ಮೊದಮೊದಲ ಹಸಿರು ಮಂತ್ರಿಗಳಲ್ಲಿ ಅವರೊಬ್ಬರು. ಜರ್ಮನಿಯ ಹಸಿರಿನವರು ಕೇಂದ್ರ ಸರ್ಕಾರ ಸೇರಿದ್ದು ಇದಾದ ಮೂರು ವರ್ಷಕ್ಕೆ.

ಕುರ್ಚಿಯಲ್ಲಿ ಕೂತ ಮೇಲೆ ಕಾದಿದ್ದು ನಾತುರಾ 2000. ಇದು ಐರೋಪ್ಯ ಒಕ್ಕೂಟದ ಯೋಜನೆ. ಪ್ರತಿ ದೇಶ ತನ್ನ ಮುಖ್ಯ ಕಾಡು, ಜೌಗು, ಹಕ್ಕಿತಾಣಗಳನ್ನು ಪಟ್ಟಿ ಮಾಡಿ ಕಾಪಾಡಬೇಕು. ಕಾಗದದ ಮೇಲೆ ಚೆಂದ. ಆದರೆ ಫಿನ್ಲೆಂಡಿನಲ್ಲಿ ಸುಮಾರು ಅರ್ಧ ಕಾಡು ಸಾಮಾನ್ಯ ಕುಟುಂಬಗಳ ಹೆಸರಿನಲ್ಲಿದೆ. ಅಜ್ಜನ ಕಾಲದಿಂದ ಬಂದ ಮರ, ಅದೇ ಅವರ ಬ್ಯಾಂಕು. ಒಂದು ದಿನ ನಕ್ಷೆ ಬಂತು, ನಿಮ್ಮ ಜಾಗ ಅದರೊಳಗಿದೆ ಅಂದರು. ಜನ ರೊಚ್ಚಿಗೆದ್ದರು. ಸಾವಿರಾರು ತಕರಾರು ಅರ್ಜಿ ಬಂದವು. ಕೆಲವರು ಉಪವಾಸಕ್ಕೂ ಕೂತರು. ಕೊಯ್‌ಯಾರ್ವಿಯಲ್ಲಿ ರೈತರ ಎದುರು ನಿಂತಿದ್ದ ಹುಡುಗನಿಗೆ ಈಗ ಸರ್ಕಾರದ ಕಡೆಯಿಂದ ಅದೇ ರೈತರ ಜೊತೆ ಮಾತಾಡುವ ಕೆಲಸ. 1998ರಲ್ಲಿ ಸಂಪುಟ ಪಟ್ಟಿಗೆ ಒಪ್ಪಿಗೆ ಕೊಟ್ಟಿತು. ಸಿಟ್ಟು ಮಾತ್ರ ಹಳ್ಳಿಗಳಲ್ಲಿ ವರ್ಷಗಟ್ಟಲೆ ಉಳಿಯಿತು. ಹಸಿರು ಪಕ್ಷ ಅಂದರೆ ಹೆಲ್ಸಿಂಕಿಯವರ ಪಕ್ಷ ಅನ್ನುವ ಮಾತಿಗೆ ಈ ಜಗಳವೂ ಒಂದು ಕಾರಣ ಅಂತ ನನ್ನ ಲೆಕ್ಕ.

1999ರಲ್ಲಿ ಮಂತ್ರಿಗಿರಿ ಮುಗಿಯಿತು. ಅಲ್ಲಿಂದ ಮುಂದಿನ ಆರು ವರ್ಷ ನನಗೆ ಅವರ ಬದುಕಿನ ಅತ್ಯಂತ ಕುತೂಹಲದ ಭಾಗ. ಇದರ ಬಗ್ಗೆ ಬರೆಯುವವರು ಕಮ್ಮಿ.

ಆ ವರ್ಷ ನ್ಯಾಟೊ ವಿಮಾನಗಳು ಯುಗೊಸ್ಲಾವಿಯದ ಮೇಲೆ 78 ದಿನ ಬಾಂಬು ಹಾಕಿದ್ದವು. ಪಾಂಚೆವೊ ಅನ್ನುವ ಊರಲ್ಲಿ ತೈಲ ಶುದ್ಧೀಕರಣ ಘಟಕ, ಗೊಬ್ಬರದ ಕಾರ್ಖಾನೆ, ರಾಸಾಯನಿಕ ಕಾರ್ಖಾನೆ ಮೂರೂ ಒಟ್ಟೊಟ್ಟಿಗೆ ಇದ್ದವು. ಮೂರಕ್ಕೂ ಏಟು ಬಿತ್ತು. ವಿಷದ ದ್ರವ ಕಾಲುವೆಗೆ ಹರಿದು ಡ್ಯಾನ್ಯೂಬ್ ನದಿಯ ಕಡೆ ಹೋಯಿತು. ಯುದ್ಧದಲ್ಲಿ ಎಷ್ಟು ಜನ ಸತ್ತರು ಅಂತ ಎಣಿಸುತ್ತಾರೆ. ನೀರಿಗೆ, ಮಣ್ಣಿಗೆ ಏನಾಯಿತು ಅಂತ ಅಷ್ಟು ಗಂಭೀರವಾಗಿ ಅಳೆಯುವ ಕ್ರಮ ಅಲ್ಲಿಯವರೆಗೆ ಇರಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಒಂದು ತಂಡ ಕಟ್ಟಿತು, ಅದಕ್ಕೆ ಹಾವಿಸ್ಟೊ ಮುಖ್ಯಸ್ಥರು. ತಂಡ ನಾಲ್ಕು ಊರುಗಳನ್ನು ಗುರುತಿಸಿ, ಇಲ್ಲಿ ತಕ್ಷಣ ಸ್ವಚ್ಛ ಮಾಡಬೇಕು ಅಂತ ಹೇಳಿತು. ಪಾಂಚೆವೊ, ಕ್ರಾಗುಯೆವಾಟ್ಸ್, ನೊವಿ ಸಾದ್, ಬೊರ್.

ಆಮೇಲೆ, ಆಗ ಯುಗೊಸ್ಲಾವಿಯದ ಭಾಗವಾಗಿದ್ದ ಕೊಸೊವೊದಲ್ಲಿ ಬಿದ್ದ ಯುರೇನಿಯಂ ಗುಂಡುಗಳ ವಿಷಯ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಣುಸ್ಥಾವರಕ್ಕೆ ಇಂಧನ ತಯಾರಿಸುವಾಗ ಯುರೇನಿಯಂನಲ್ಲಿ ಬೇಕಾದ ಭಾಗ ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕಿಡುತ್ತಾರೆ. ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದಲ್ಲ, ಹಾಗೆ. ಆ ಹಿಂಡಿ ಸೀಸಕ್ಕಿಂತ ತುಂಬ ಭಾರ. ಟ್ಯಾಂಕಿನ ಉಕ್ಕಿನ ಗೋಡೆ ತೂರಿಕೊಂಡು ಹೋಗಲು ಗುಂಡಿನ ಒಳಗೆ ಅದನ್ನೇ ತಿರುಳಾಗಿ ಹಾಕುತ್ತಾರೆ. ವಿಕಿರಣ ಕಮ್ಮಿ, ಆದರೆ ಗುಂಡು ಬಡಿದಾಗ ಏಳುವ ದೂಳು ಒಳಗೆ ಹೋದರೆ ಒಳ್ಳೆಯದಲ್ಲ. ಕೊಸೊವೊದಲ್ಲಿ ಅಮೆರಿಕದ ವಿಮಾನಗಳು ಇಂಥ ಸುಮಾರು 31,000 ಗುಂಡು ಹಾರಿಸಿದ್ದವು. ಎಲ್ಲೆಲ್ಲಿ ಅಂತ ನ್ಯಾಟೊ ಹೇಳಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. 112 ಜಾಗಗಳ ಪಟ್ಟಿ ಕೈಗೆ ಬಂದ ಮೇಲೆ, 2000ದ ನವೆಂಬರಿನಲ್ಲಿ ಹಾವಿಸ್ಟೊ ತಂಡ 11 ಜಾಗಗಳಿಗೆ ಹೋಯಿತು. ವಿಕಿರಣ ಅಳೆಯುವ ಯಂತ್ರ ಹಿಡಿದು ಹೊಲ, ರಸ್ತೆಬದಿಗಳಲ್ಲಿ ಹುಡುಕಾಟ. ಸಾವಿರಗಟ್ಟಲೆ ಗುಂಡು ಬಿದ್ದ ಕಡೆ ಸಿಕ್ಕಿದ್ದು ಏಳೆಂಟು ತಿರುಳು. ಉಳಿದವು ಮಣ್ಣಿನಾಳಕ್ಕೆ ಹೋಗಿದ್ದವು, ಅಥವಾ ಯಾರೋ ಎತ್ತಿಕೊಂಡು ಹೋಗಿದ್ದರು.

2001ರ ಮಾರ್ಚಿನಲ್ಲಿ ವರದಿ ಬಂತು. ಗಾಬರಿ ಹುಟ್ಟಿಸುವವರಿಗೂ ಬೇಸರ, ಏನೂ ಆಗಿಲ್ಲ ಅನ್ನುವವರಿಗೂ ಬೇಸರ. ನೆಲವೆಲ್ಲ ವಿಷವಾಗಿಲ್ಲ ಅಂದಿತು ವರದಿ. ಆದರೆ ಗುಂಡು ಬಿದ್ದ ಜಾಗ ಗುರುತು ಮಾಡಿ, ಸಿಕ್ಕಿದ್ದನ್ನು ಎತ್ತಿ, ಕುಡಿಯುವ ನೀರನ್ನು ಆಗಾಗ ಪರೀಕ್ಷೆ ಮಾಡಿ ಅಂತಲೂ ಹೇಳಿತು. ನ್ಯಾಟೊದ ಗುಂಡುಗಳನ್ನು ಹೊಲದಲ್ಲಿ ಹುಡುಕಿದ ಮನುಷ್ಯನೇ 22 ವರ್ಷದ ಮೇಲೆ ನ್ಯಾಟೊ ಕಚೇರಿಗೆ ಕಾಗದ ಹಿಡಿದು ಹೋದದ್ದು. ಇದನ್ನು ಯಾರಾದರೂ ಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಅದೇ ತರಹದ ಕೆಲಸ ಅಫ್ಘಾನಿಸ್ತಾನ, ಇರಾಕ್, ಲೈಬೀರಿಯ, ಪ್ಯಾಲೆಸ್ಟೀನ್‌ಗಳಲ್ಲೂ ಮುಂದುವರಿಯಿತು. 2005ರಿಂದ 2007ರವರೆಗೆ ಐರೋಪ್ಯ ಒಕ್ಕೂಟದ ಪರವಾಗಿ ಸುಡಾನಿನ ವಿಶೇಷ ಪ್ರತಿನಿಧಿ. ಅಲ್ಲಿಯ ಡಾರ್ಫರ್ ಪ್ರಾಂತ್ಯದ ಶಾಂತಿ ಮಾತುಕತೆ ನೈಜೀರಿಯದ ಅಬುಜಾದಲ್ಲಿ ನಡೆಯಿತು. 2006ರ ಮೇ ತಿಂಗಳಲ್ಲಿ ಒಪ್ಪಂದವೇನೋ ಆಯಿತು, ಆದರೆ ಬಂಡುಕೋರರ ಒಂದೇ ಬಣ ಸಹಿ ಹಾಕಿತು. ಅರ್ಧ ಶಾಂತಿ ಅಂದರೆ ಶಾಂತಿ ಅಲ್ಲ ಅಂತ ಡಾರ್ಫರ್ ಆಮೇಲೆ ತೋರಿಸಿತು.

ಅವರು ಹೊರಗಿದ್ದಾಗ ಊರಲ್ಲಿ ಪಕ್ಷಕ್ಕೆ ಬೇರೆ ತಲೆನೋವು. ಹಸಿರಿನವರಿಗೆ ಎಲ್ಲಕ್ಕಿಂತ ದೊಡ್ಡ ಗೆರೆ ಅಣುವಿದ್ಯುತ್. 2002ರ ಮೇ 24ರಂದು ಐದನೇ ಅಣುಸ್ಥಾವರಕ್ಕೆ ಸಂಸತ್ತು 107 - 92 ಮತಗಳಿಂದ ಒಪ್ಪಿಗೆ ಕೊಟ್ಟಿತು. ಹಸಿರಿನವರು ಸರ್ಕಾರ ಬಿಟ್ಟು ಎದ್ದು ಬಂದರು. 2011ರಲ್ಲಿ ಹಾವಿಸ್ಟೊ ಮತ್ತೆ ಸಂಸತ್ತಿಗೆ ಗೆದ್ದರು, 2013ರಲ್ಲಿ ಅಭಿವೃದ್ಧಿ ಸಚಿವರಾದರು. ಮರುವರ್ಷ ಅದೇ ಕತೆ. ರಷ್ಯಾದ ರೊಸಾಟಮ್ ಕಂಪನಿ ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಅಣುಸ್ಥಾವರ ಕಟ್ಟುವುದಿತ್ತು, ಕಟ್ಟಿಸುತ್ತಿದ್ದದ್ದು ಫೆನ್ನೊವೊಯ್ಮಾ ಅನ್ನುವ ಫಿನ್ಲೆಂಡಿನ ಕಂಪನಿ. ಸರ್ಕಾರ ಹೂಂ ಅಂದಿತು. ಹಸಿರಿನವರು ಮತ್ತೆ ಎದ್ದು ಬಂದರು, ಹಾವಿಸ್ಟೊ ಕುರ್ಚಿಯೂ ಹೋಯಿತು. ರಷ್ಯಾ ಆಗಷ್ಟೇ ಕ್ರಿಮಿಯಾ ನುಂಗಿತ್ತು. ಈಗ ಹಿಂತಿರುಗಿ ನೋಡಿದರೆ ಹಸಿರಿನವರ ಮಾತಿನಲ್ಲಿ ತೂಕ ಇತ್ತು. 2022ರ ಮೇ 2ರಂದು ಫೆನ್ನೊವೊಯ್ಮಾ ತಾನಾಗಿಯೇ ರೊಸಾಟಮ್ ಜೊತೆಗಿನ ಒಪ್ಪಂದ ಮುರಿದುಕೊಂಡಿತು. ಅದೇ ಮೇ ತಿಂಗಳಲ್ಲಿ ಇನ್ನೊಂದು ಆಯಿತು. ಯೊಯೆನ್ಸೂ ಊರಿನ ಸಮ್ಮೇಳನದಲ್ಲಿ ಹಸಿರು ಪಕ್ಷವೇ ಅಣುವಿದ್ಯುತ್ತನ್ನು ಒಪ್ಪಿಕೊಂಡಿತು. ಇಂಗಾಲ ಕಮ್ಮಿ ಮಾಡಲು ಅದೂ ಬೇಕು ಅಂತ ಹೊಸ ತಲೆಮಾರಿನವರು ವಾದ ಮಾಡಿ ಗೆದ್ದರು. ಎರಡು ಸಲ ಮಂತ್ರಿಗಿರಿ ಬಿಟ್ಟಿದ್ದು ಯಾವುದಕ್ಕೋ, ಅದಕ್ಕೇ ಈಗ ಜೈ. ಪಕ್ಷ ಬದಲಾಯಿತು ಅನ್ನಿ, ಕಾಲ ಬದಲಾಯಿತು ಅನ್ನಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫಿನ್ಲೆಂಡ್ ಇಷ್ಟು ವರ್ಷ ನ್ಯಾಟೊ ಹೊರಗೆ ಯಾಕಿತ್ತು?

ರಷ್ಯಾ ಜೊತೆ ಆ ದೇಶಕ್ಕೆ 1,340 ಕಿ.ಮೀ. ಗಡಿ. 1939ರ ಚಳಿಗಾಲದಲ್ಲಿ ಸ್ಟಾಲಿನ್ ಸೇನೆ ನುಗ್ಗಿತು. ಫಿನ್ಲೆಂಡ್ 105 ದಿನ ಕಾದಾಡಿತು. ದೇಶ ಉಳಿಯಿತು, ಆದರೆ ಸುಮಾರು ಹತ್ತನೇ ಒಂದು ಪಾಲು ನೆಲ ಹೋಯಿತು. ಕರೇಲಿಯ ಪ್ರಾಂತ್ಯದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. 1948ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಆಯಿತು. ನಿಮ್ಮ ಶತ್ರುಗಳ ಜೊತೆ ಸೇರಲ್ಲ, ನಮ್ಮನ್ನು ನಮ್ಮ ಪಾಡಿಗೆ ಬಿಡಿ ಅನ್ನುವುದು ಅದರ ಸಾರ. ಪಕ್ಕದ ಮನೆಯ ರೌಡಿಯ ಜೊತೆ ನಗುನಗುತ್ತಾ ಮಾತಾಡಿಕೊಂಡು, ಒಳಗೆ ಬಾಗಿಲಿಗೆ ಗಟ್ಟಿ ಚಿಲಕ ಹಾಕಿಕೊಂಡಂತೆ. ಚಿಲಕ ಅಂದರೆ ಕಡ್ಡಾಯ ಸೇನಾ ತರಬೇತಿ, ದೊಡ್ಡ ಮೀಸಲು ಪಡೆ. ಅದನ್ನು ಅವರು ಯಾವತ್ತೂ ಸಡಿಲ ಮಾಡಲಿಲ್ಲ.

ಸೋವಿಯತ್ ಒಕ್ಕೂಟ ಹೋದ ಮೇಲೆ, 1995ರಲ್ಲಿ ಫಿನ್ಲೆಂಡ್ ಐರೋಪ್ಯ ಒಕ್ಕೂಟ ಸೇರಿತು. ನ್ಯಾಟೊ ಸೇರಲಿಲ್ಲ. ಆದರೆ ಬೇಕಾದಾಗ ಸೇರಬಹುದು ಅನ್ನುವ ದಾರಿಯನ್ನು ತೆರೆದಿಟ್ಟುಕೊಂಡಿತು. ಅದನ್ನು ಅವರು ನ್ಯಾಟೊ ಆಯ್ಕೆ ಅನ್ನುತ್ತಿದ್ದರು. ಸೇರಬಹುದು ಅನ್ನುವುದೇ ರಷ್ಯಾವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಅಂತ ಲೆಕ್ಕ. ಹಾವಿಸ್ಟೊ ಕೂಡ ಬಹುಕಾಲ ಇದೇ ಸಾಲಿನಲ್ಲಿದ್ದವರು.

2021ರ ಡಿಸೆಂಬರಿನಲ್ಲಿ ರಷ್ಯಾ ಒಂದು ಬೇಡಿಕೆ ಇಟ್ಟಿತು. ನ್ಯಾಟೊ ಇನ್ನು ಮುಂದೆ ಯಾರನ್ನೂ ಸೇರಿಸಿಕೊಳ್ಳಕೂಡದು. ಹೆಲ್ಸಿಂಕಿಯಲ್ಲಿ ಇದು ಚುರುಕ್ ಅಂತ ನಾಟಿತು. ಸೇರುವುದು ಬಿಡುವುದು ನಮ್ಮಿಷ್ಟ, ಅದನ್ನು ಹೇಳಲು ಇವರ್ಯಾರು? ಎರಡು ತಿಂಗಳಿಗೆ ಉಕ್ರೇನಿನ ಮೇಲೆ ದಾಳಿ. ಅದುವರೆಗೆ ನ್ಯಾಟೊ ಬೇಕು ಅನ್ನುವವರು ಫಿನ್ಲೆಂಡಿನಲ್ಲಿ ಅಲ್ಪಸಂಖ್ಯಾತರು. ಫೆಬ್ರುವರಿ ಕೊನೆಯ ಸಮೀಕ್ಷೆಯಲ್ಲಿ ಬೇಕು ಅಂದವರು 53 ಪರ್ಸೆಂಟ್, ಮೇ ತಿಂಗಳಿಗೆ 76. ಮುಂದೆ ನಡೆದ ಜನ, ಹಿಂದೆ ಓಡಿದ ನಾಯಕರು.

ಹಾವಿಸ್ಟೊ 2019ರಿಂದ ವಿದೇಶಾಂಗ ಸಚಿವರಾಗಿದ್ದರು. ಮೊದಲು ಆಂಟಿ ರಿನ್ನೆ, ಆಮೇಲೆ ಸನ್ನಾ ಮರಿನ್ ಪ್ರಧಾನಿ. 2022ರ ಮೇ 17ರಂದು ಸಂಸತ್ತು 188 - 8 ಮತಗಳಿಂದ ಹೂಂ ಅಂದಿತು. ಅದೇ ದಿನ ಅರ್ಜಿಗೆ ಹಾವಿಸ್ಟೊ ಸಹಿ ಬಿತ್ತು. ಆದರೆ ಹೊಸಬರು ಸೇರಲು ನ್ಯಾಟೊದ ಎಲ್ಲ ಸದಸ್ಯರೂ ಒಪ್ಪಬೇಕು, ಟರ್ಕಿ ಅಡ್ಡಗಾಲು ಹಾಕಿತು. ಕುರ್ದಿಶ್ ಬಂಡುಕೋರರಿಗೆ ನೀವು ಆಸರೆ ಕೊಡುತ್ತೀರಿ ಅನ್ನುವುದು ತಕರಾರು, ಜಾಸ್ತಿ ಸಿಟ್ಟು ಜೊತೆಗೇ ಅರ್ಜಿ ಹಾಕಿದ್ದ ಸ್ವೀಡನ್ ಮೇಲೆ. ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ ಮೂರೂ ದೇಶದ ವಿದೇಶಾಂಗ ಸಚಿವರು ಒಂದು ಒಡಂಬಡಿಕೆಗೆ ಸಹಿ ಹಾಕಿದರು. ಅದಾದ ಮೇಲೂ ಒಂಬತ್ತು ತಿಂಗಳು ಕಾಯಬೇಕಾಯಿತು. ಸ್ವೀಡನ್ ಜೊತೆ ಕೈಕೈ ಹಿಡಿದು ಹೋಗೋಣ ಅಂದುಕೊಂಡಿದ್ದರು, ಕೊನೆಗೆ ಫಿನ್ಲೆಂಡ್ ಒಂದೇ ಮೊದಲು ಒಳಗೆ ಹೋಯಿತು. ಸ್ವೀಡನ್‌ಗೆ ಇನ್ನೊಂದು ವರ್ಷ ಹಿಡಿಯಿತು.

ಎಲ್ಲವೂ ಹೂವಿನ ದಾರಿ ಆಗಿರಲಿಲ್ಲ. ಸಿರಿಯಾದ ಅಲ್ ಹೋಲ್ ಶಿಬಿರದಲ್ಲಿ, ಐಸಿಸ್ ಸೇರಲು ಹೋಗಿದ್ದ ಫಿನ್ಲೆಂಡಿನ ಹೆಂಗಸರು ಮತ್ತು ಅವರ ಮಕ್ಕಳು ಸಿಕ್ಕಿಹಾಕಿಕೊಂಡಿದ್ದರು. ಮಕ್ಕಳನ್ನು ಕರೆತರಬೇಕು ಅನ್ನುವುದು ಹಾವಿಸ್ಟೊ ನಿಲುವು. ಆ ಕೆಲಸಕ್ಕೆ ಒಪ್ಪದ ತಮ್ಮ ಇಲಾಖೆಯ ಹಿರಿಯ ಅಧಿಕಾರಿಯನ್ನು ಬೇರೆ ಕಡೆ ಹಾಕಲು ಹೊರಟರು ಅಂತ ದೂರು ಬಂತು. ಸಂಸತ್ತಿನ ಸಂವಿಧಾನ ಸಮಿತಿ ತಿಂಗಳುಗಟ್ಟಲೆ ತನಿಖೆ ಮಾಡಿತು. ಅಧಿಕಾರಿಯ ವಿಷಯದಲ್ಲಿ ಸಚಿವರು ಕಾನೂನು ಮೀರಿದ್ದಾರೆ, ಆದರೆ ವಿಚಾರಣೆಗೆ ಕಳಿಸುವಷ್ಟು ದೊಡ್ಡ ತಪ್ಪಲ್ಲ ಅಂತ 2020ರ ಕೊನೆಗೆ ತೀರ್ಮಾನ ಕೊಟ್ಟಿತು. ಕುರ್ಚಿ ಉಳಿಯಿತು, ಕಪ್ಪು ಚುಕ್ಕೆಯೂ ಉಳಿಯಿತು. ಮಕ್ಕಳ ವಿಷಯದಲ್ಲಿ ಅವರ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಅಧಿಕಾರಿಯ ವಿಷಯದಲ್ಲಿ ಇಲ್ಲ.

ಇನ್ನು ರಾಷ್ಟ್ರಪತಿ ಚುನಾವಣೆ. ಫಿನ್ಲೆಂಡಿನ ರಾಷ್ಟ್ರಪತಿ ಅಂದರೆ ನಮ್ಮ ರಾಷ್ಟ್ರಪತಿಯ ತರಹ ಅಲ್ಲ. ಜನರೇ ನೇರವಾಗಿ ಆರಿಸುತ್ತಾರೆ, ಆರು ವರ್ಷದ ಅವಧಿ. ಸರ್ಕಾರದ ಜೊತೆ ಸೇರಿ ವಿದೇಶಾಂಗ ನೀತಿ ನಡೆಸುವುದು ಅವರೇ, ಸೇನೆಯ ದಂಡನಾಯಕರೂ ಅವರೇ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ವೋಟು ಬರದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು.

ಹಾವಿಸ್ಟೊ ಮೂರು ಸಲ ನಿಂತರು, ಮೂರೂ ಸಲ ಎರಡನೆಯವರಾದರು. 2012ರಲ್ಲಿ ಎರಡನೇ ಸುತ್ತಿಗೆ ಬಂದದ್ದೇ ಸುದ್ದಿ. ಸೌಲಿ ನೀನಿಸ್ಟೊ ಎದುರು 37.4 ಪರ್ಸೆಂಟ್ ಸಿಕ್ಕಿತು. ಸೇನಾ ಸೇವೆ ಮಾಡದವರು ದಂಡನಾಯಕರಾಗಬಹುದಾ ಅನ್ನುವ ಪ್ರಶ್ನೆ ಆಗಲೇ ಎದ್ದಿತ್ತು. 2018ರಲ್ಲಿ ನೀನಿಸ್ಟೊ ಮೊದಲ ಸುತ್ತಿನಲ್ಲೇ ಗೆದ್ದುಬಿಟ್ಟರು, ಹಾವಿಸ್ಟೊಗೆ 12.4. 2024ರ ಫೆಬ್ರುವರಿ 11ರಂದು ಮಾತ್ರ ಕೂದಲೆಳೆಯ ಹತ್ತಿರ ಬಂದರು. ಅಲೆಕ್ಸಾಂಡರ್ ಸ್ಟುಬ್ 51.6, ಹಾವಿಸ್ಟೊ 48.4. ಅಂತರ ಸುಮಾರು ಒಂದು ಲಕ್ಷ ವೋಟು.

ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಮಾತಾಡಿದರು. ರಷ್ಯಾ ಬಗ್ಗೆ ಇಬ್ಬರದೂ ಒಂದೇ ಮಾತು. ಬೇರೆಯಾದದ್ದು ಅಣ್ವಸ್ತ್ರದ ಕಡೆ. ಫಿನ್ಲೆಂಡಿನ ಕಾನೂನು ತನ್ನ ನೆಲಕ್ಕೆ ಅಣ್ವಸ್ತ್ರ ತರುವುದನ್ನು ತಡೆಯುತ್ತಿತ್ತು. ನ್ಯಾಟೊ ಸೇರಿದ ಮೇಲೆ ಅದು ಹಾದುಹೋಗಲು ಬಿಡಬೇಕು ಅನ್ನುವ ಕಡೆ ಸ್ಟುಬ್, ಬೇಡ ಅನ್ನುವ ಕಡೆ ಹಾವಿಸ್ಟೊ. ಕೊಯ್‌ಯಾರ್ವಿಯ ಹುಡುಗ ಅಷ್ಟು ಹೊತ್ತಿಗೆ 65 ದಾಟಿದ್ದರು, ಆದರೆ ಆ ಗೆರೆ ಅಳಿಸಿರಲಿಲ್ಲ.

ಬಾಯಿಬಿಟ್ಟು ಹೇಳದೆ ಇದ್ದ ವಿಷಯ ಒಂದಿತ್ತು, ಕೆಲವರು ಬಾಯಿಬಿಟ್ಟೇ ಹೇಳಿದರು. ಹಾವಿಸ್ಟೊ ಸಲಿಂಗಿ. ಅವರ ಸಂಗಾತಿ ಈಕ್ವೆಡಾರ್ ಮೂಲದ ಆಂಟೋನಿಯೊ ಫ್ಲೋರೆಸ್. ಫಿನ್ಲೆಂಡಿನಲ್ಲಿ 1971ರವರೆಗೆ ಇದು ಅಪರಾಧ, 1981ರವರೆಗೆ ಕಾಯಿಲೆಗಳ ಪಟ್ಟಿಯಲ್ಲಿ. ಅಂದರೆ ಹಾವಿಸ್ಟೊ ಹುಡುಗನಾಗಿದ್ದಾಗ ಅವರು ಕಾನೂನಿನ ಕಣ್ಣಲ್ಲಿ ಅಪರಾಧಿ, ಹರೆಯದಲ್ಲಿ ಡಾಕ್ಟರ ಪುಸ್ತಕದಲ್ಲಿ ರೋಗಿ. 2002ರಲ್ಲಿ ಜೋಡಿಗಳ ನೋಂದಣಿಗೆ ಕಾನೂನು ಬಂದಾಗ ಇಬ್ಬರೂ ನೋಂದಣಿ ಮಾಡಿಸಿಕೊಂಡರು. 2012ರ ಪ್ರಚಾರದಲ್ಲೂ ಫ್ಲೋರೆಸ್ ಎಲ್ಲರ ಮುಂದೆಯೇ ಜೊತೆಗಿದ್ದರು. ಹೀಗಿದ್ದೂ 2024ರ ಸಮೀಕ್ಷೆಗಳಲ್ಲಿ, ಇದೇ ಕಾರಣಕ್ಕೆ ಇವರಿಗೆ ವೋಟು ಹಾಕಲ್ಲ ಅಂದವರ ಸಂಖ್ಯೆ ಸಣ್ಣದಾಗಿರಲಿಲ್ಲ.

ಪ್ರಚಾರದ ಸಂಜೆಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ಭಾಷಣ ಮುಗಿಸಿ ಹಾವಿಸ್ಟೊ ಹಳೇ ಗ್ರಾಮೋಫೋನ್ ತಟ್ಟೆಗಳನ್ನು ಹಾಕುತ್ತಿದ್ದರು. ಡಿಜೆ ಪೆಕ್ಸಿ ಅಂತ ಅವರದೇ ಇನ್ನೊಂದು ಹೆಸರು, ಹಳೆಯ ಹವ್ಯಾಸ. ಕಿವಿಗೆ ಹೆಡ್‌ಫೋನ್, ಮೂಗಿನ ಮೇಲೆ ಕನ್ನಡಕ, ನೋಡಿದರೆ ಯಾವುದೋ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಅನ್ನಬೇಕು. ಎದುರಿಗೆ ಮೊಮ್ಮಕ್ಕಳ ವಯಸ್ಸಿನವರು ಕುಣಿಯುತ್ತಿದ್ದರು. ಚುನಾವಣೆ ಸೋತ ಮೇಲೆ ಅವರು ಸಂಸತ್ತಿನ ತಮ್ಮ ಸೀಟಿಗೆ ವಾಪಸು ಹೋದರು.